ಹೊಸದೇ ಮೊದಲು: ಒಂದು ಗಾಸ್ಪೆಲ್ ಕ್ವಾಯರ್‌ನ ಧ್ವನಿಮುದ್ರಣಗಳನ್ನು ಉಳಿಸಿಕೊಂಡ ಪ್ರಕರಣ

ಇದು ಅಮೆರಿಕದ ಮಧ್ಯಪಶ್ಚಿಮ ಭಾಗದ ಒಂದು ಕೈಗಾರಿಕಾ ನಗರದ ಚರ್ಚಿನ ಪ್ರಕರಣ. ಊರು, ಚರ್ಚು, ಹಾಡುಗಾರರು ಯಾರ ಹೆಸರನ್ನೂ ಕೊಟ್ಟಿಲ್ಲ. ಗುರುತು ಹತ್ತಬಾರದೆಂದು ಒಂದೇ ಬಗೆಯ ಕೆಲಸಗಳ ಕೆಲವು ವಿವರಗಳನ್ನು ಇಲ್ಲಿ ಒಂದಾಗಿ ಬೆಸೆದಿದೆ. ಯಂತ್ರ, ಟೇಪು, ಅಳತೆಗಳ ವಿಷಯವನ್ನು ಮಾತ್ರ ಇದ್ದದ್ದು ಇದ್ದ ಹಾಗೆ ಬರೆದಿದೆ.

ಹಿನ್ನೆಲೆ

ದಕ್ಷಿಣದ ಹತ್ತಿ ಹೊಲಗಳನ್ನು ಬಿಟ್ಟು ಷಿಕಾಗೊ, ಡೆಟ್ರಾಯಿಟ್‌ನಂಥ ನಗರಗಳಿಗೆ ವಲಸೆ ಬಂದ ಕಪ್ಪು ಜನರ ಚರ್ಚುಗಳಲ್ಲಿ ಗಾಸ್ಪೆಲ್ ಕ್ವಾಯರ್, ಅಂದರೆ ಭಕ್ತಿಗೀತೆ ಹಾಡುವ ವೃಂದ, ಇಂದಿನ ರೂಪ ಪಡೆದದ್ದು 1930ರ ದಶಕದಲ್ಲಿ. ಬ್ಲೂಸ್ ಪಿಯಾನೊ ನುಡಿಸಿ ಪಳಗಿದ್ದ ಥಾಮಸ್ ಎ. ಡಾರ್ಸಿ 1932ರಲ್ಲಿ ಷಿಕಾಗೊದ ಪಿಲ್‌ಗ್ರಿಮ್ ಬ್ಯಾಪ್ಟಿಸ್ಟ್ ಚರ್ಚಿನ ಕ್ವಾಯರ್ ವಹಿಸಿಕೊಂಡ ಮೇಲೆ ಈ ಶೈಲಿ ಊರಿಂದೂರಿಗೆ ಹಬ್ಬಿತು. ಯುರೋಪಿನ ಚರ್ಚ್ ಗಾಯನದಂತೆ ಇಲ್ಲಿ ನಾಲ್ಕು ದನಿ ಇರುವುದಿಲ್ಲ. ಸಾಮಾನ್ಯವಾಗಿ ಸೊಪ್ರಾನೊ (ಹೆಂಗಸರ ಎತ್ತರದ ದನಿ), ಆಲ್ಟೊ (ಹೆಂಗಸರ ತಗ್ಗಿನ ದನಿ), ಟೆನರ್ (ಗಂಡಸರ ಎತ್ತರದ ದನಿ) ಎಂದು ಮೂರೇ. ಕೆಳಗಿನ ಸ್ವರಗಳ ಭಾರವನ್ನು ಆರ್ಗನ್ನಿನ ಪೆಡಲ್ಲೋ ಬಾಸ್ ಗಿಟಾರೋ ಹೊರುತ್ತದೆ. ಮುಖ್ಯ ಗಾಯಕಿ ಒಂದು ಸಾಲು ಎಸೆದರೆ ಕ್ವಾಯರ್ ಹಿಡಿಯುತ್ತದೆ, ಬೆಂಚಿನಲ್ಲಿ ಕೂತವರು ಚಪ್ಪಾಳೆ ತಟ್ಟಿ, ಕೂಗಿ, ಕಾಲು ಕುಟ್ಟಿ ಜೊತೆಯಾಗುತ್ತಾರೆ. ಕೊನೆಗೆ ಬರುವ ವ್ಯಾಂಪ್, ಅಂದರೆ ಒಂದೇ ಸಾಲನ್ನು ಏರಿಸುತ್ತ ಏರಿಸುತ್ತ ಹಾಡುವ ಭಾಗ, ಎಷ್ಟು ಹೊತ್ತು ನಡೆಯಬೇಕೆಂದು ಯಾರೂ ಮೊದಲೇ ಗೊತ್ತು ಮಾಡಿರುವುದಿಲ್ಲ. ಸಭೆಯ ಕಾವು ಇಳಿಯುವ ತನಕ ಅದು ನಡೆಯುತ್ತದೆ. ಹೀಗಾಗಿ ಸಭೆಯೂ ಆ ಸಂಗೀತದ ಒಳಗೇ ಇದೆ. ಈ ಒಂದು ಮಾತು ಮುಂದೆ ಎರಡು ದೊಡ್ಡ ನಿರ್ಧಾರಗಳನ್ನು ತಿರುಗಿಸಿತು.

ಈ ಚರ್ಚಿನ ನೆಲಮಾಳಿಗೆಯಲ್ಲಿ, ಬಾಯ್ಲರ್ ಕೋಣೆಯ ಪಕ್ಕದ ಕಪಾಟುಗಳಲ್ಲಿ, ಮುನ್ನೂರಕ್ಕೂ ಹೆಚ್ಚು ಮುದ್ರಣಗಳಿದ್ದವು. ಅತಿ ಹಳೆಯವು 1940ರ ದಶಕದ ಕೊನೆಯ ರೇಡಿಯೊ ಡಿಸ್ಕುಗಳು: 16 ಇಂಚು ಅಗಲ, ನಿಮಿಷಕ್ಕೆ 33⅓ ಸುತ್ತು, ಅಲ್ಯೂಮಿನಿಯಂ ತಟ್ಟೆಯ ಮೇಲೆ ನೈಟ್ರೊಸೆಲ್ಯುಲೋಸ್ ಲ್ಯಾಕರ್. ಭಾನುವಾರ ರಾತ್ರಿಯ ಪ್ರಸಾರದ ಹೊತ್ತಿಗೇ ನೇರವಾಗಿ ಕೊರೆದವು. ಆಮೇಲೆ ಕಾಲು ಇಂಚಿನ ರೀಲ್ ಟೇಪುಗಳು, ಒಂದೇ ಮೈಕ್ ಅಥವಾ ಎರಡು ಮೈಕ್ ಇಟ್ಟು ಮಾಡಿದ ಮುದ್ರಣಗಳು. 1967ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಚರ್ಚೊಂದರಲ್ಲಿ ಎಡ್ವಿನ್ ಹಾಕಿನ್ಸ್ ಅವರ ಯುವ ಕ್ವಾಯರ್ ಎರಡು ಟ್ರ್ಯಾಕಿನ (ಟೇಪಿನ ಮೇಲೆ ಬೇರೆ ಬೇರೆಯಾಗಿ ದನಿ ಹಿಡಿಯುವ ಪಟ್ಟಿಗಳ) ಯಂತ್ರದಲ್ಲಿ ಮುದ್ರಿಸಿ, ನಿಧಿ ಸಂಗ್ರಹಕ್ಕೆಂದು ಬರೀ 500 ಪ್ರತಿ ಒತ್ತಿಸಿದ ಎಲ್‌ಪಿಯ ಹಾಡೊಂದು 1969ರಲ್ಲಿ ಜಗತ್ತನ್ನೇ ಸುತ್ತಿತು. ಈ ಕ್ವಾಯರ್ ಕೂಡ ತನ್ನ ದುಡ್ಡಿನಲ್ಲೇ ಎರಡು ಎಲ್‌ಪಿ ಒತ್ತಿಸಿತ್ತು. ಎರಡನೆಯದಕ್ಕೆ ಅರ್ಧ ಇಂಚಿನ, ಎಂಟು ಟ್ರ್ಯಾಕಿನ ಟೇಪು ಬಳಸಿತ್ತು. 1980ರ ದಶಕದ್ದು ಕ್ಯಾಸೆಟ್ಟುಗಳ ರಾಶಿ. 1990ರ ದಶಕದಲ್ಲಿ ಮೂರು ಎ-ಡ್ಯಾಟ್ ಯಂತ್ರಗಳನ್ನು (ವಿಡಿಯೊ ಕ್ಯಾಸೆಟ್ಟಿನ ಮೇಲೆ ಡಿಜಿಟಲ್ ಆಗಿ ಮುದ್ರಿಸುವಂಥವು) ಜೋಡಿಸಿ 24 ಟ್ರ್ಯಾಕಿನಲ್ಲಿ ಮಾಡಿದ ಕಛೇರಿಗಳು, ಅವನ್ನು ಬೆರೆಸಿ ಮಾಡಿದ ಮಿಶ್ರಣ ಡ್ಯಾಟ್ ಎಂಬ ಸಣ್ಣ ಡಿಜಿಟಲ್ ಟೇಪಿನಲ್ಲಿ. ಆಮೇಲಿನದು ಹಾರ್ಡ್‌ಡಿಸ್ಕು, ಸಿಡಿ-ಆರ್, ಕೊನೆಗೆ ಫೋನು.

ಸಮಸ್ಯೆ

ವಾರ್ಷಿಕೋತ್ಸವಕ್ಕೆ ಒಂದು ಸಂಕಲನ ಹೊರತರಬೇಕೆಂದು ಚರ್ಚ್ ಸಮಿತಿ ನಿರ್ಧರಿಸಿತು. ಕೈಯಲ್ಲಿದ್ದ ಹಣ ಅರ್ಧ ಭಂಡಾರವನ್ನು ಡಿಜಿಟಲ್ ಮಾಡಲೂ ಸಾಲುತ್ತಿರಲಿಲ್ಲ. ಸಮಿತಿಯ ಯೋಜನೆ ಸರಳವಾಗಿತ್ತು. ಎಲ್ಲಕ್ಕಿಂತ ಹಳೆಯದರಿಂದ ಆರಂಭಿಸಿ ಹೊಸದರತ್ತ ಬರುವುದು, ಗದ್ದಲವನ್ನೆಲ್ಲ ತೆಗೆದು ಶುದ್ಧ ಮಾಡುವುದು, ಸ್ಟ್ರೀಮಿಂಗ್‌ಗೆ ಹಾಕುವುದು. ಕೇಳಿದ ಯಾರಿಗಾದರೂ ಇದು ಸರಿ ಎನಿಸುತ್ತದೆ. ಮೂರಕ್ಕೆ ಮೂರೂ ಅಂಶ ಬದಲಾದವು.

ಪಟ್ಟಿ ಮಾಡುವುದು

ಯಾವ ಯಂತ್ರವನ್ನೂ ಚಾಲೂ ಮಾಡುವ ಮೊದಲು ತಂತ್ರಜ್ಞರು ಬರೀ ಕಣ್ಣು, ಮೂಗು, ಬೆರಳಿನಿಂದ ಪಟ್ಟಿ ತಯಾರಿಸಿದರು. ಪೆಟ್ಟಿಗೆಯ ಮೇಲಿನ ಬರಹವನ್ನು ತಪ್ಪಿದ್ದರೂ ಅಕ್ಷರಶಃ ನಕಲು ಮಾಡಿ, ಜೊತೆಗೆ ಫೋಟೊ ತೆಗೆದರು. ರೀಲನ್ನು ಬೆಳಕಿಗೆ ಹಿಡಿದಾಗ ಸುತ್ತುಗಳ ಮೂಲಕ ಬೆಳಕು ತೂರಿ ಬಂದರೆ ಅದು ಅಸಿಟೇಟ್ ಟೇಪು. ಕಪ್ಪಗೆ ಕಂಡರೆ ಪಾಲಿಯೆಸ್ಟರ್. ವಿನೆಗರ್ ವಾಸನೆ ಬಂದರೆ ಅಸಿಟೇಟ್ ಕೊಳೆಯಲು ಶುರುವಾಗಿದೆ, ಅದನ್ನು ಉಳಿದ ಟೇಪುಗಳಿಂದ ದೂರ ಇಡಬೇಕು. ಪಾಲಿಯೆಸ್ಟರ್ ಟೇಪಿನ ಬೆನ್ನಿಗೆ ಕಪ್ಪು ಲೇಪನವಿದ್ದು, ಅದು 1970ರ ದಶಕದ ನಡುವಿನಿಂದ ಈಚೆಗಿನದಾಗಿದ್ದರೆ ಟೇಪಿನ ಅಂಟು ಒಡೆದು ಜಿಗುಟಾಗುವ ರೋಗದ ಅನುಮಾನ ಇಟ್ಟುಕೊಳ್ಳಬೇಕು. ಡಿಸ್ಕುಗಳ ಮೇಲಿನ ಬಿಳಿ ಪುಡಿಯನ್ನು ಸಮಿತಿಯವರು ಬೂಷ್ಟು ಎಂದುಕೊಂಡಿದ್ದರು. ಲ್ಯಾಕರ್ ಮೆತ್ತಗಿರಲೆಂದು ಬೆರೆಸಿದ ಹರಳೆಣ್ಣೆಯಂಥ ಪದಾರ್ಥ ಕಾಲಾಂತರದಲ್ಲಿ ಒಡೆದು ಹೊರಬಂದ ಕೊಬ್ಬಿನಾಮ್ಲ ಅದು.

ಮೊದಲ ತಿರುವು: ಸರದಿ ತಲೆಕೆಳಗಾದದ್ದು

ಪಟ್ಟಿ ಮುಗಿದಾಗ ತಂತ್ರಜ್ಞರು ಕೊಟ್ಟ ಸಲಹೆ ಸಮಿತಿಯ ಹಿರಿಯರಿಗೆ ಹಿಡಿಸಲಿಲ್ಲ. 1990ರ ದಶಕದ ಡಿಜಿಟಲ್ ಟೇಪುಗಳೇ ಮೊದಲಾಗಬೇಕು, 1950ರ ದಶಕದ ರೀಲುಗಳು ಕೊನೆಗೆ ಬಂದರೂ ನಡೆಯುತ್ತದೆ ಎಂಬುದು ಆ ಸಲಹೆ.

ಕಾರಣ ಹೀಗಿದೆ. ಅನಲಾಗ್ ಟೇಪು ಹಾಳಾದರೆ ದನಿ ಮಸುಕಾಗುತ್ತದೆ, ಅಲ್ಲಲ್ಲಿ ಕುಂದುತ್ತದೆ, ಆದರೆ ಹಾಡು ಉಳಿದಿರುತ್ತದೆ. ಡಿಜಿಟಲ್ ಟೇಪು ಒಂದು ಹಂತದ ತನಕ ತಪ್ಪುಗಳನ್ನು ತಾನೇ ತಿದ್ದಿಕೊಳ್ಳುತ್ತದೆ; ಆ ಹಂತ ದಾಟಿದ ಕ್ಷಣ ಮೌನ. ನಡುವೆ ಎಚ್ಚರಿಕೆಯೇ ಇರುವುದಿಲ್ಲ. ಡ್ಯಾಟ್ ಟೇಪು 4 ಮಿಲಿಮೀಟರಿಗೂ ಕಡಿಮೆ ಅಗಲ, ಅದರ ಮೇಲೆ ತಿರುಗುವ ಹೆಡ್ಡು (ಟೇಪಿಗೆ ಬರೆಯುವ, ಟೇಪಿನಿಂದ ಓದುವ ಭಾಗ) ಓರೆಯಾಗಿ ಬರೆದ ಗೆರೆಗಳು ಕೂದಲಿಗಿಂತ ಸಪೂರ. ಯಂತ್ರದ ಹೊಂದಾಣಿಕೆ ತುಸು ಜರುಗಿದ್ದರೂ ಓದಲಾಗದು. ಇನ್ನೊಂದು ಕಾರಣ ಯಂತ್ರಗಳದ್ದು. ಕಾಲು ಇಂಚಿನ ರೀಲ್ ಯಂತ್ರವನ್ನು ಒಳ್ಳೆಯ ಮೆಕ್ಯಾನಿಕ್ ಇಂದಿಗೂ ರಿಪೇರಿ ಮಾಡಬಲ್ಲ. 1987ರಲ್ಲಿ ಬಂದ ಡ್ಯಾಟ್ ಯಂತ್ರಗಳ ತಯಾರಿಕೆಯನ್ನು ಸೋನಿ 2005ರಲ್ಲಿ ನಿಲ್ಲಿಸಿತು. ತಿರುಗುವ ಹೆಡ್ ಡ್ರಮ್ ಸವೆದರೆ ಹೊಸದು ಸಿಗುವುದಿಲ್ಲ. ಇನ್ನೊಂದು ಸತ್ತ ಯಂತ್ರದಿಂದ ಕಿತ್ತು ತರಬೇಕು.

ಮಾತಿನಿಂದ ಒಪ್ಪದ ಸಮಿತಿ ಒಂದು ಪರೀಕ್ಷೆಯಿಂದ ಒಪ್ಪಿತು. ಒಂದೇ ಡ್ಯಾಟ್ ಟೇಪನ್ನು ಎರಡು ಯಂತ್ರಗಳಲ್ಲಿ ಎಲ್ಲರೆದುರು ನುಡಿಸಿದರು. ಒಂದರಲ್ಲಿ ಹಾಡು ಬಂತು, ನಡುನಡುವೆ ಚಿಟಿಚಿಟಿ. ಇನ್ನೊಂದರಲ್ಲಿ ಸಮಯದ ಅಂಕಿ ಓಡುತ್ತಿತ್ತು, ದನಿಯೇ ಇಲ್ಲ. 1951ರ ಡಿಸ್ಕ್ ಹಾಡುತ್ತಿರುವಾಗ 1996ರ ಟೇಪು ಮೂಕವಾದದ್ದನ್ನು ಕಣ್ಣಾರೆ ಕಂಡ ಮೇಲೆ ಸರದಿ ಬದಲಾಯಿತು.

ಒಂದೇ ವಿನಾಯಿತಿ ಲ್ಯಾಕರ್ ಡಿಸ್ಕುಗಳದ್ದು. ಅಂಚಿನಲ್ಲಿ ಬಿರುಕು ಬಿಟ್ಟ ಕೆಲವನ್ನು ಎಲ್ಲಕ್ಕಿಂತ ಮುಂದೆ ತಂದರು. ಲ್ಯಾಕರ್ ಕುಗ್ಗುತ್ತದೆ, ಅಲ್ಯೂಮಿನಿಯಂ ಕುಗ್ಗುವುದಿಲ್ಲ, ಹಾಗಾಗಿ ಪದರ ಒಂದು ದಿನ ತಟ್ಟೆಯಿಂದ ಎದ್ದು ಚೂರಾಗುತ್ತದೆ, ಆ ಭಾಗ ಮತ್ತೆ ಸಿಗುವುದಿಲ್ಲ. ಇವನ್ನು ತೊಳೆಯಲು ಬಟ್ಟಿ ಇಳಿಸಿದ ನೀರು, ಅದಕ್ಕೆ ಕೆಲವು ಹನಿ ಅಯಾನಿಕ್ ಅಲ್ಲದ ಮಾರ್ಜಕ. ಆಲ್ಕೊಹಾಲ್ ಮಾತ್ರ ಸುತರಾಂ ಕೂಡದು, ಲ್ಯಾಕರನ್ನೇ ಕರಗಿಸಿಬಿಡುತ್ತದೆ. ಅಗಲ ಗೀರಿನ ಡಿಸ್ಕಿಗೆ ಸುಮಾರು 3 ಮಿಲ್ (ಇಂಚಿನ ಸಾವಿರದ ಮೂರು ಪಾಲು) ಸೂಜಿ, ಸೂಕ್ಷ್ಮ ಗೀರಿನದಕ್ಕೆ 1 ಮಿಲ್. ಗೀರು ಯಾವ ಎತ್ತರದಲ್ಲಿ ಸವೆದಿಲ್ಲವೋ ಅಲ್ಲಿ ಕೂರುವ ಸೂಜಿಯನ್ನು ಒಂದೊಂದೇ ಹಾಕಿ ನೋಡಿಯೇ ಆರಿಸಬೇಕು.

ಎ-ಡ್ಯಾಟ್ ಟೇಪುಗಳು

ಎ-ಡ್ಯಾಟ್ 1990ರ ದಶಕದ ಆರಂಭದಲ್ಲಿ ಬಂದಾಗ ಸಣ್ಣ ಚರ್ಚುಗಳಿಗೂ ಬಹುಟ್ರ್ಯಾಕ್ ಮುದ್ರಣ ಕೈಗೆಟುಕಿತು. ಎಸ್-ವಿಎಚ್‌ಎಸ್ ವಿಡಿಯೊ ಕ್ಯಾಸೆಟ್ಟಿನ ಮೇಲೆ ಎಂಟು ಟ್ರ್ಯಾಕು, 16 ಬಿಟ್, 48 ಕಿಲೊಹರ್ಟ್ಸ್. 120 ನಿಮಿಷದ ವಿಡಿಯೊ ಟೇಪಿನಲ್ಲಿ ಸುಮಾರು 40 ನಿಮಿಷ ಮುದ್ರಣ. ಮೂರು ಯಂತ್ರ ಜೋಡಿಸಿದರೆ 24 ಟ್ರ್ಯಾಕು. ಅಂದರೆ ಪ್ರತಿ ಕಛೇರಿಗೂ ಮೂರು ಮೂರು ಕ್ಯಾಸೆಟ್ಟಿನ ಕಟ್ಟು. ಒಂದು ಕಳೆದರೆ ಮೂರನೆಯ ಒಂದು ಪಾಲು ವಾದ್ಯವೋ ದನಿಯೋ ಹೋಯಿತೆಂದೇ ಲೆಕ್ಕ.

ಮೊದಲು ಬಾಡಿಗೆಗೆ ತಂದ ಯಂತ್ರಗಳಲ್ಲಿ ತಪ್ಪುಗಳು ವಿಪರೀತವಾಗಿದ್ದವು. ಆಗ ಯಾರೋ ಕೇಳಿದ ಒಂದು ಪ್ರಶ್ನೆ ಇಡೀ ಕೆಲಸವನ್ನು ಉಳಿಸಿತು: ಇವನ್ನು ಮುದ್ರಿಸಿದ ಮೂಲ ಯಂತ್ರಗಳು ಈಗೆಲ್ಲಿವೆ? ಆಗಿನ ಧ್ವನಿ ನಿರ್ವಾಹಕರ ಗ್ಯಾರೇಜಿನಲ್ಲಿದ್ದವು. ತಾನು ಬರೆದ ಓರೆಗೆರೆಯನ್ನು ಅದೇ ಯಂತ್ರ ಎಲ್ಲರಿಗಿಂತ ಚೆನ್ನಾಗಿ ಓದುತ್ತದೆ, ಅದರ ಹೆಡ್ಡಿನ ಓರೆ ಸರಿಯಿರಲಿ, ತಪ್ಪಿರಲಿ. ರಬ್ಬರ್ ಚಕ್ರ ಬದಲಿಸಿ, ಹೆಡ್ ಶುಚಿ ಮಾಡಿ, ಹೊಂದಾಣಿಕೆಯ ತಿರುಪುಗಳನ್ನು ಮುಟ್ಟದೆ ಬಿಟ್ಟರು. ಇಲ್ಲಿ ಸಂಯಮವೇ ದೊಡ್ಡ ಕೆಲಸ. ಕಾರ್ಖಾನೆಯ ಅಳತೆಗೆ ಸರಿಪಡಿಸಿದ್ದರೆ ಟೇಪುಗಳು ಓದಿಗೆ ದಕ್ಕುತ್ತಿರಲಿಲ್ಲ.

ವರ್ಗಾವಣೆಯನ್ನು ಅನಲಾಗ್ ಹೊರಗುಂಡಿಯಿಂದ ಮಾಡದೆ ಆಪ್ಟಿಕಲ್ ಕೇಬಲ್ಲಿನಿಂದ ನೇರ ಡಿಜಿಟಲ್ ಆಗಿ ಮಾಡಿದರು. ಪ್ರತಿ ಕಟ್ಟನ್ನೂ ಎರಡು ಸಲ ಪೂರ್ತಿ ಓಡಿಸಿ, ಎರಡನ್ನೂ ಒಂದು ಸ್ಯಾಂಪಲ್ಲೂ (ದನಿಯ ಒಂದೊಂದು ಡಿಜಿಟಲ್ ಅಳತೆ) ಆಚೀಚೆಯಾಗದಂತೆ ಕೂರಿಸಿ, ಒಂದರ ಅಲೆಯನ್ನು ತಲೆಕೆಳಗು ಮಾಡಿ ಕೂಡಿಸಿದರು. ಎರಡೂ ಓದು ಒಂದೇ ಆಗಿದ್ದರೆ ಪೂರ್ಣ ಮೌನ. ಎಲ್ಲಿ ಸದ್ದು ಉಳಿಯಿತೋ ಅಲ್ಲಿ ಯಂತ್ರ ಅಂದಾಜಿನಿಂದ ತೇಪೆ ಹಾಕಿದೆ ಎಂದರ್ಥ. ಅಷ್ಟು ಭಾಗವನ್ನು ಮೂರನೆಯ ಸಲ ಓಡಿಸಿ, ಎರಡು ಓದು ತಾಳೆಯಾದದ್ದನ್ನು ಇಟ್ಟುಕೊಂಡರು. ಕಿವಿಗೆ ಕೇಳಿಸದ ತಪ್ಪನ್ನೂ ಈ ಉಪಾಯ ಹಿಡಿದುಕೊಡುತ್ತದೆ.

ಒಂದು ಕಛೇರಿಯ ಮೂರನೆಯ ಕ್ಯಾಸೆಟ್ ಎಲ್ಲೂ ಸಿಗಲಿಲ್ಲ. 17ರಿಂದ 24ರ ಟ್ರ್ಯಾಕುಗಳು, ಅಂದರೆ ಮುಖ್ಯ ಗಾಯಕಿಯ ಮೈಕು ಮತ್ತು ಸಭೆಯ ಮೈಕುಗಳು. ಉಳಿದ 16 ಟ್ರ್ಯಾಕುಗಳಿಂದ ಹೊಸ ಮಿಶ್ರಣ ಮಾಡಿ, ಗಾಯಕಿಯ ಭಾಗವನ್ನು ಇಂದಿನವರಿಂದ ಹಾಡಿಸಿ ಸೇರಿಸಬಹುದೆಂಬ ಸೂಚನೆ ಬಂತು. ಸಮಿತಿ ಅದನ್ನು ತಳ್ಳಿಹಾಕಿ ಅಂದಿನ ಡ್ಯಾಟ್ ಮಿಶ್ರಣವನ್ನೇ ಹಾಗೆಯೇ ಬಳಸಿತು. ಸರಿಯಾದ ತೀರ್ಮಾನ. ಅಂದು ಆಕೆ ಎಳೆದ ಕಡೆಗೇ ಕ್ವಾಯರ್ ಹೋಗಿತ್ತು. ಆ ಜಾಗದಲ್ಲಿ ಬೇರೆ ದನಿ ಇಟ್ಟರೆ ಕ್ವಾಯರ್ ಯಾಕೆ ಹಾಗೆ ಹಾಡಿತೆಂಬುದೇ ತಿಳಿಯುವುದಿಲ್ಲ.

ಅಂಟು ಟೇಪು, ಮತ್ತು ಲೇಬಲ್ಲಿನಲ್ಲಿ ಇಲ್ಲದ ಡಿಬಿಎಕ್ಸ್

1970ರ ದಶಕದ ಮಾಸ್ಟರ್ ಟೇಪುಗಳು ಯಂತ್ರಕ್ಕೆ ಹಾಕಿದ ಕೂಡಲೇ ಕಿರುಗುಟ್ಟಿ ನಿಂತವು, ಹೆಡ್ಡಿನ ಮೇಲೆ ಕಂದು ಮೇಣ. ಆಂಪೆಕ್ಸ್ 406, 456 ಮಾದರಿಗಳಲ್ಲಿ ಎಲ್ಲರೂ ಕಂಡಿರುವ ತೊಂದರೆ ಇದು: ಕಾಂತಪುಡಿಯನ್ನು ಹಿಡಿದಿಡುವ ಪಾಲಿಯುರೇಥೇನ್ ಅಂಟು ಗಾಳಿಯ ತೇವ ಹೀರಿ ಒಡೆಯುತ್ತದೆ. ಬಾಯ್ಲರ್ ಕೋಣೆಯ ಪಕ್ಕದ ನೆಲಮಾಳಿಗೆ ಅದಕ್ಕೆ ಹೇಳಿ ಮಾಡಿಸಿದ ಜಾಗ. ಪರಿಹಾರ ಟೇಪನ್ನು ಬೇಯಿಸುವುದು: 54 ಡಿಗ್ರಿ ಸೆಲ್ಸಿಯಸ್, ಕಾಲು ಇಂಚಿನ ಟೇಪಿಗೆ ಸುಮಾರು 8 ಗಂಟೆ, ಅರ್ಧ ಇಂಚಿನದಕ್ಕೆ ಇನ್ನೂ ಹೆಚ್ಚು. ಉಷ್ಣತೆ ಒಂದೆರಡು ಡಿಗ್ರಿಗಿಂತ ಏರಿಳಿಯದ ಒಲೆ ಬೇಕು. ಅಡುಗೆಮನೆಯ ಓವನ್ನಿನ ಗುಂಡಿಯನ್ನು ನಂಬಬಾರದು, ಒಳಗೆ ಬೇರೆ ಥರ್ಮಾಮೀಟರ್ ಇಡಲೇಬೇಕು. ಆಮೇಲೆ ಅಷ್ಟೇ ಹೊತ್ತು ಆರಲು ಬಿಟ್ಟು, ಕೆಲವೇ ವಾರಗಳೊಳಗೆ ವರ್ಗಾಯಿಸಿಬಿಡಬೇಕು. ತೇವ ಮತ್ತೆ ಬರುತ್ತದೆ. ಅಸಿಟೇಟ್ ಟೇಪನ್ನು ಎಂದಿಗೂ ಬೇಯಿಸಬಾರದು. ಒಬ್ಬ ಸ್ವಯಂಸೇವಕ ಅಂಥದೊಂದನ್ನು ಒಲೆಗೆ ಇಡುವುದರಲ್ಲಿದ್ದ. ಪಟ್ಟಿಯಲ್ಲಿ ‘ಬೆಳಕು ತೂರುತ್ತದೆ’ ಎಂದು ಬರೆದಿದ್ದರಿಂದ ಉಳಿಯಿತು.

ಎಂಟು ಟ್ರ್ಯಾಕಿನ ಟೇಪು ಬೆಂದು ಹದವಾಗಿ ಓಡಿದರೂ ದನಿ ವಿಚಿತ್ರವಾಗಿತ್ತು. ಟ್ಯಾಂಬೊರಿನ್ ಕಿವಿಗೆ ಚುಚ್ಚುತ್ತಿತ್ತು. ಹಾಡು ನಿಂತಾಗ ಹಿಸ್ ಸದ್ದು ಮೇಲೇಳುತ್ತಿತ್ತು, ಮತ್ತೆ ಹಾಡಿದರೆ ಅಡಗುತ್ತಿತ್ತು. ಟೇಪು ಹಾಳಾಗಿದೆ ಎಂದು ಈಕ್ವಲೈಸರ್ ತಿರುಗಿಸತೊಡಗಿದರೆ ದಾರಿ ತಪ್ಪಿದಂತೆಯೇ. ಇದು ಡಿಬಿಎಕ್ಸ್ ಎಂಬ ಹಿಸ್ ತಗ್ಗಿಸುವ ಪದ್ಧತಿ ಹಾಕಿ ಮುದ್ರಿಸಿದ ಟೇಪಿನ ಲಕ್ಷಣ. ಆ ಪದ್ಧತಿ ಮುದ್ರಿಸುವಾಗ ದನಿಯ ಏರಿಳಿತವನ್ನು ಅರ್ಧಕ್ಕೆ ಒತ್ತುತ್ತದೆ, ನುಡಿಸುವಾಗ ಎರಡು ಪಟ್ಟು ಬಿಚ್ಚುತ್ತದೆ. ಹಿಸ್ ಅಡಿಗೆ ಹೋಗುತ್ತದೆ. ಡಬ್ಬಿಯ ಮೇಲೆ ಅದರ ಸುಳಿವೇ ಇರಲಿಲ್ಲ. ಬಿಚ್ಚುವ ಪೆಟ್ಟಿಗೆಯಲ್ಲಿ ಟೈಪ್ 1, ಟೈಪ್ 2 ಎಂದು ಎರಡಿವೆ. ಸೆಕೆಂಡಿಗೆ 15 ಇಂಚು ವೇಗದ ಸ್ಟುಡಿಯೊ ಟೇಪಿಗೆ ಮೊದಲನೆಯದು. ಏರಿಳಿತದಂತೆ ಯಂತ್ರದ ತಪ್ಪೂ ಎರಡು ಪಟ್ಟಾಗುತ್ತದೆ ಎಂಬುದನ್ನು ಮರೆಯಬಾರದು. ಮೇಲಿನ ಸ್ವರಗಳು ಹೆಡ್ಡಿನಲ್ಲಿ 2 ಡೆಸಿಬೆಲ್ ಕಡಿಮೆ ಓದಿದರೆ ಬಿಚ್ಚಿದ ಮೇಲೆ 4 ಕಡಿಮೆ. ಆದ್ದರಿಂದ ಟೇಪಿನ ಆರಂಭದಲ್ಲಿ ಮುದ್ರಿಸಿದ 1 ಮತ್ತು 10 ಕಿಲೊಹರ್ಟ್ಸ್ ಪರೀಕ್ಷಾ ಸ್ವರಗಳಿಗೆ ಹೆಡ್ಡಿನ ಓರೆಯನ್ನೂ ಮಟ್ಟವನ್ನೂ ಕೂರಿಸಿದ ಮೇಲೆಯೇ ಬಿಚ್ಚಬೇಕು. ಬಿಚ್ಚದ ಮೂಲವನ್ನೂ ಪ್ರತ್ಯೇಕ ಕಡತವಾಗಿ ಇಟ್ಟುಕೊಂಡರು.

ಎರಡನೆಯ ತಿರುವು: ಹ್ಯಾಮಂಡ್ ಆರ್ಗನ್ನಿನ ಸಾಕ್ಷಿ

1961ರ ಒಂದು ರೀಲನ್ನು ಕೇಳಿದ ಹಿರಿಯರೊಬ್ಬರು, ಸೊಪ್ರಾನೊಗಳು ಮಕ್ಕಳ ಹಾಗೆ ಕೇಳುತ್ತಾರೆ, ನಾವು ಹಾಗೆ ಹಾಡುತ್ತಿರಲಿಲ್ಲ ಎಂದರು. ಮೊದಲ ಎಲ್‌ಪಿ ಅದೇ ಟೇಪಿನಿಂದ ಬಂದದ್ದು. ಅಂದರೆ ದಶಕಗಳಿಂದ ಎಲ್ಲರೂ ಕೇಳಿದ್ದು ಅದನ್ನೇ. ವೇಗ ತಪ್ಪಿದೆಯೋ, ನೆನಪು ತಪ್ಪಿದೆಯೋ? ಹಳೆಯ ಮುದ್ರಣಗಳಲ್ಲಿ ಇದನ್ನು ಬಗೆಹರಿಸುವುದು ಕಷ್ಟ. ಪಿಯಾನೊ ಶ್ರುತಿ ಇಳಿದಿರಬಹುದು, ಹಾಡುಗಾರರು ಏರಿಸಿರಬಹುದು.

ಇಲ್ಲಿ ಹ್ಯಾಮಂಡ್ ಆರ್ಗನ್ ಇತ್ತು. 1935ರಲ್ಲಿ ಮಾರುಕಟ್ಟೆಗೆ ಬಂದ ಈ ವಾದ್ಯ ಗಾಸ್ಪೆಲ್ ಚರ್ಚುಗಳ ಉಸಿರು. 1954ರಿಂದ ಬಂದ ಬಿ-3 ಮಾದರಿ ಇನ್ನೂ ಹೆಚ್ಚು ಪರಿಚಿತ. ಅದರೊಳಗೆ ತಂತಿಯಿಲ್ಲ, ಕೊಳವೆಯಿಲ್ಲ. ಹಲ್ಲಿರುವ ಚಕ್ರಗಳು ಅಯಸ್ಕಾಂತದೆದುರು ತಿರುಗಿ ಸ್ವರ ಹುಟ್ಟುತ್ತದೆ. ಚಕ್ರಗಳನ್ನು ತಿರುಗಿಸುವುದು ಸಿಂಕ್ರೊನಸ್ ಮೋಟಾರು, ಅದರ ವೇಗ ಮನೆಗೆ ಬರುವ ವಿದ್ಯುತ್ತಿನ ಆವರ್ತನಕ್ಕೆ ಕಟ್ಟಿಹಾಕಿದ್ದು. ಅಮೆರಿಕದ 60 ಹರ್ಟ್ಸ್‌ಗೆ ದಂಡ ಸೆಕೆಂಡಿಗೆ 20 ಸುತ್ತು. ‘ಎ’ ಸ್ವರದ ಹಲ್ಲುಗಳ ಅನುಪಾತ 88ಕ್ಕೆ 64, ಅಂದರೆ 27.5 ಸುತ್ತು; 16 ಹಲ್ಲಿನ ಚಕ್ರದಿಂದ ಗುಣಿಸಿದರೆ ಕರಾರುವಾಕ್ಕಾಗಿ 440 ಹರ್ಟ್ಸ್. ಉಳಿದ ಸ್ವರಗಳೂ ಒಂದು ಸೆಂಟಿನೊಳಗೇ (ಪಿಯಾನೊದ ಪಕ್ಕಪಕ್ಕದ ಎರಡು ಮಣೆಗಳ ನಡುವಿನ ಸ್ವರಾಂತರದ ನೂರನೆಯ ಒಂದು ಪಾಲು) ಇರುತ್ತವೆ. ಈ ಆರ್ಗನ್ನಿನ ಶ್ರುತಿ ಹವೆಗೆ ಇಳಿಯುವುದಿಲ್ಲ, ವಯಸ್ಸಿಗೂ ಇಳಿಯುವುದಿಲ್ಲ. ಮುದ್ರಣದಲ್ಲಿ ಹ್ಯಾಮಂಡ್ 440 ಅಲ್ಲದೆ ಕೇಳಿದರೆ ತಪ್ಪಿದ್ದು ಟೇಪಿನ ವೇಗವೇ.

ಅಳೆಯುವುದಕ್ಕೆ ಒಂದು ತೊಡಕಿದೆ. ಹ್ಯಾಮಂಡ್ ಜೊತೆಗಿರುವ ಲೆಸ್ಲಿ ಸ್ಪೀಕರಿನ ಕಹಳೆ ಗಿರಗಿರ ತಿರುಗುತ್ತ ಸ್ವರವನ್ನು ಮೇಲೂ ಕೆಳಗೂ ತೂಗಿಸುತ್ತದೆ. ಚಿಕ್ಕ ತುಣುಕನ್ನು ಅಳೆದರೆ ಪ್ರತಿ ಸಲ ಬೇರೆ ಅಂಕಿ ಬರುತ್ತದೆ. ಹಾಡಿನ ಕೊನೆಯಲ್ಲಿ ಉದ್ದಕ್ಕೆ ಹಿಡಿದ ಕಾರ್ಡನ್ನು (ಒಟ್ಟಿಗೆ ಒತ್ತಿದ ಸ್ವರಗಳು) ಆರಿಸಿ, ಹಲವು ಸೆಕೆಂಡುಗಳ ಸರಾಸರಿ ತೆಗೆದರೆ ನಡುವಿನ ಶಿಖರ ಸ್ಥಿರವಾಗಿ ನಿಲ್ಲುತ್ತದೆ. ಅದು 454 ಹರ್ಟ್ಸ್ ತೋರಿಸಿತು. ಶೇಕಡಾ 3.2ರಷ್ಟು ಹೆಚ್ಚು, ಅಂಥ ಒಂದು ಸ್ವರಾಂತರದ ಅರ್ಧಕ್ಕಿಂತ ತುಸು ಮೇಲೆ. ಎರಡನೆಯ ಸಾಕ್ಷಿಯೂ ಅದೇ ಟೇಪಿನಲ್ಲಿತ್ತು. ತಳದ ಗುಂಯ್ ಸದ್ದನ್ನು ಬಿಡಿಸಿ ನೋಡಿದರೆ ಎರಡು ಗೆರೆಗಳು: ಒಂದು 60ರಲ್ಲಿ, ಇನ್ನೊಂದು 61.9ರಲ್ಲಿ. ಮೊದಲನೆಯದು ಈಗ ನುಡಿಸುತ್ತಿದ್ದ ಯಂತ್ರದ್ದು. ಎರಡನೆಯದು 1961ರ ರಾತ್ರಿ ಟೇಪಿನೊಳಗೆ ಸೇರಿಕೊಂಡದ್ದು, ಅದೂ ಶೇಕಡಾ 3.2 ಮೇಲೆ. ಅಂದಿನ ಯಂತ್ರ ನಿಧಾನವಾಗಿ ಓಡಿ ಮುದ್ರಿಸಿತ್ತು, ಹಾಗಾಗಿ ಸರಿಯಾದ ವೇಗದಲ್ಲಿ ನುಡಿಸಿದಾಗ ಎಲ್ಲವೂ ಮೇಲೇರಿತ್ತು. ವೇಗ ಇಳಿಸಿದಾಗ ಮಕ್ಕಳ ದನಿ ಹೋಗಿ ಎದೆ ತುಂಬಿ ಹಾಡುವ ಹೆಂಗಸರು ಬಂದರು. ವ್ಯಾಂಪಿನ ನಡಿಗೆ ಭಾರವಾಯಿತು, ಚಪ್ಪಾಳೆ ತಾಳಕ್ಕೆ ಸರಿಯಾಗಿ ಕೂತಿತು. ಹಿರಿಯರ ನೆನಪು ಸರಿಯಿತ್ತು.

ಇದನ್ನು ಕರ್ನಾಟಕದಲ್ಲಿ ಅನ್ವಯಿಸ ಹೊರಟವರಿಗೆ ಒಂದು ಎಚ್ಚರಿಕೆ. ನಮ್ಮ ಭಜನಾ ಮಂಡಳಿ, ಯಕ್ಷಗಾನ, ಚರ್ಚ್ ಕ್ವಾಯರ್‌ಗಳ ಹಳೆಯ ಕ್ಯಾಸೆಟ್ಟುಗಳಲ್ಲಿ ಹ್ಯಾಮಂಡ್ ಸಿಗುವುದಿಲ್ಲ, ಹಾರ್ಮೋನಿಯಂ ಶ್ರುತಿ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಬೇರೆ. ಟೇಪಿನೊಳಗಿನ ಗುಂಯ್ ಸದ್ದು 50 ಹರ್ಟ್ಸ್ ಆಗಿರಬೇಕೆಂಬ ಆಧಾರ ಇದ್ದೇ ಇದೆ, ಆದರೆ ಆ ದಶಕಗಳಲ್ಲಿ ನಮ್ಮ ವಿದ್ಯುತ್ ಆವರ್ತನವೇ ಸಾಕಷ್ಟು ಏರಿಳಿಯುತ್ತಿತ್ತು. ಶೇಕಡಾ ಒಂದು ತಪ್ಪಿದರೆ 17 ಸೆಂಟು. ಅದನ್ನು ಸ್ಥೂಲ ಅಂದಾಜಿಗೆ ಮಾತ್ರ ಬಳಸಬೇಕು.

ಮೂರನೆಯ ತಿರುವು: ಎಷ್ಟು ಶುದ್ಧ ಮಾಡುವುದು

ಸಮಿತಿಗೆ ಮೊದಲು ಕೇಳಿಸಿದ ಮಾದರಿಯನ್ನು ಸಾಫ್ಟ್‌ವೇರಿನಿಂದ ಚೆನ್ನಾಗಿ ತಿಕ್ಕಿ ತೊಳೆದಿದ್ದರು. ಹಿಸ್ ಇಲ್ಲ, ಚಿಟಿಚಿಟಿ ಇಲ್ಲ. ಯುವಕರು ಮೆಚ್ಚಿದರು. ಹಳೆಯ ಹಾಡುಗಾರರು ಸುಮ್ಮನೆ ಕೂತಿದ್ದು, ಆಮೇಲೆ ಜನ ಎಲ್ಲಿ ಹೋದರು ಎಂದು ಕೇಳಿದರು.

ಮೂಲವನ್ನು ಪಕ್ಕದಲ್ಲಿಟ್ಟು ಕೇಳಿದಾಗ ಕಾರಣ ತಿಳಿಯಿತು. ಡಿಸ್ಕಿನ ಚಿಟುಕು ಸದ್ದು ಮತ್ತು ಕೈಚಪ್ಪಾಳೆ ಎರಡೂ ಕಂಪ್ಯೂಟರಿನ ಕಣ್ಣಿಗೆ ಥಟ್ಟನೆ ಎದ್ದು ಬೀಳುವ ಮೊನಚು ಅಲೆಗಳು. ಚಿಟುಕು ತೆಗೆಯುವ ಸಾಧನ ಚಪ್ಪಾಳೆಯ ತುದಿಯನ್ನೂ ಟ್ಯಾಂಬೊರಿನ್ನಿನ ಗೆಜ್ಜೆಯನ್ನೂ ಕತ್ತರಿಸಿತ್ತು; ಉಳಿದದ್ದು ದಿಂಬಿಗೆ ಹೊಡೆದಂಥ ಸದ್ದು. ಹಿಸ್ ತೆಗೆಯುವ ಸಾಧನ ಎರಡು ಸಾಲಿನ ನಡುವೆ ಬೆಂಚುಗಳಿಂದ ಬರುವ ಸಣ್ಣ ಗುನುಗನ್ನೂ, ಕ್ವಾಯರ್ ಒಟ್ಟಾಗಿ ಉಸಿರೆಳೆಯುವ ಸದ್ದನ್ನೂ ಒರೆಸಿತ್ತು. ನಿರ್ದೇಶಕಿ ಕೈ ಎತ್ತಿದಾಗಿನ ಆ ಉಸಿರಿನಿಂದಲೇ ಮುಂದಿನ ಸಾಲಿನ ಜೋರು ಗೊತ್ತಾಗುತ್ತದೆ. 60 ಹರ್ಟ್ಸ್‌ನ ಗುಂಯ್ ಕತ್ತರಿಸುವ ಫಿಲ್ಟರ್ ಅಗಲವಾಗಿದ್ದರಿಂದ 61.7 ಹರ್ಟ್ಸ್‌ನ ಪೆಡಲ್ ಸ್ವರವೂ ಮಾಯ. ಬಾಸ್ ದನಿಯಿಲ್ಲದ ಮೂರು ದನಿಯ ಕ್ವಾಯರಿಗೆ ಆ ಪೆಡಲ್ಲೇ ನೆಲ.

ನಿರ್ಧಾರ ಹೀಗಾಯಿತು. ಸಂರಕ್ಷಣೆಯ ಕಡತವನ್ನು ಯಾರೂ ಮುಟ್ಟುವುದಿಲ್ಲ: 96 ಕಿಲೊಹರ್ಟ್ಸ್, 24 ಬಿಟ್, ಬ್ರಾಡ್‌ಕಾಸ್ಟ್ ವೇವ್ (ವಿವರಗಳನ್ನೂ ಒಳಗೇ ಇಡಬಲ್ಲ ಧ್ವನಿ ಕಡತದ ರೂಪ). ವೇಗ ಸರಿಪಡಿಸಿದ್ದಾದರೆ ಎಷ್ಟು, ಯಾವ ಆಧಾರದ ಮೇಲೆ ಎಂದು ಕಡತದೊಳಗೇ ಬರೆಯಬೇಕು. ಕೇಳುವ ಪ್ರತಿಯಲ್ಲಿ ದೊಡ್ಡ ಚಿಟುಕುಗಳನ್ನು ಒಂದೊಂದಾಗಿ ಕೈಯಿಂದಲೇ ತೆಗೆಯಬೇಕು, ಗುಂಯ್ ಸದ್ದಿಗೆ ಒಂದು ಹರ್ಟ್ಸಿಗಿಂತ ಕಿರಿದಾದ ಕತ್ತರಿ, ಹಿಸ್ ಇರಲಿ. ಚಪ್ಪಾಳೆಯಿರುವ ಕಡೆ ಸ್ವಯಂಚಾಲಿತ ಸಾಧನ ಬೇಡ. ಪ್ರತಿ ಹಾಡನ್ನೂ ಪ್ರಕಟಿಸುವ ಮೊದಲು ಆ ಕಾಲದಲ್ಲಿ ಕ್ವಾಯರಿನಲ್ಲಿ ನಿಂತು ಹಾಡಿದ ಒಬ್ಬರಾದರೂ ಕೇಳಬೇಕು.

ಹಾರ್ಡ್‌ಡಿಸ್ಕಿನ ಗಂಟು

2000ದ ಆಸುಪಾಸಿನ ಕಡತಗಳು ಸುಲಭವೆಂದು ಎಲ್ಲರ ಎಣಿಕೆ. ಮ್ಯಾಕ್ ಕಂಪ್ಯೂಟರಿನಲ್ಲಿ ಸೌಂಡ್ ಡಿಸೈನರ್ 2 ರೂಪದಲ್ಲಿ ಉಳಿಸಿದ್ದ ಕಡತಗಳನ್ನು ಯಾರೋ ವಿಂಡೋಸ್ ಡಿಸ್ಕಿಗೆ ನಕಲು ಮಾಡಿಟ್ಟಿದ್ದರು. ಗಾತ್ರ ಸರಿ, ಹೆಸರು ಸರಿ, ಯಾವ ತಂತ್ರಾಂಶವೂ ತೆರೆಯದು. ಆ ರೂಪದಲ್ಲಿ ಸ್ಯಾಂಪಲ್ ದರ, ಬಿಟ್ ಸಂಖ್ಯೆಗಳು ಮ್ಯಾಕ್‌ನ ‘ರಿಸೋರ್ಸ್ ಫೋರ್ಕ್’ ಎಂಬ ಪ್ರತ್ಯೇಕ ಭಾಗದಲ್ಲಿರುತ್ತವೆ. ವಿಂಡೋಸ್ ನಕಲಿನಲ್ಲಿ ಆ ಭಾಗ ಉದುರಿಹೋಗುತ್ತದೆ. ದನಿಯ ಅಂಕಿಗಳು ಮಾತ್ರ ಪೂರ್ತಿ ಇದ್ದವು. ಕಚ್ಚಾ ದತ್ತಾಂಶವೆಂದು ಆಮದು ಮಾಡಿ, 24 ಬಿಟ್, ದೊಡ್ಡ ಬೈಟು ಮುಂದೆ ಎಂದು ಹೇಳಿಕೊಟ್ಟಾಗ ಹಾಡು ಬಂತು. ದರ 44.1 ಎಂದು ಕೊಟ್ಟಾಗ ಒಂದೂವರೆ ಸ್ವರಾಂತರದಷ್ಟು ಕೆಳಗೆ, 48 ಎಂದಾಗ ಆರ್ಗನ್ 440ಕ್ಕೆ ಬಂದು ನಿಂತಿತು.

ಫಲಿತಾಂಶ

ಡ್ಯಾಟ್‌ಗಳಲ್ಲಿ ಎರಡು ಯಾವ ಯಂತ್ರದಲ್ಲೂ ಓದಲಿಲ್ಲ. ಒಂದು ಡಿಸ್ಕಿನ ಹೊರ ಅಂಚಿನ ಮೊದಲ ಹಾಡು ಪದರದೊಂದಿಗೇ ಹೋಗಿತ್ತು. ಉಳಿದ ಎ-ಡ್ಯಾಟ್, ಡ್ಯಾಟ್, ಡಿಸ್ಕು, ಅಂಟು ಟೇಪುಗಳೆಲ್ಲ ದಕ್ಕಿದವು. ಕ್ಯಾಸೆಟ್ಟುಗಳಲ್ಲಿ ಬೇರೆಲ್ಲೂ ಇಲ್ಲದ ಮುದ್ರಣಗಳನ್ನು ಮಾತ್ರ ಆರಿಸಿಕೊಂಡು ಉಳಿದವನ್ನು ಒಣಗಿದ, ತಂಪಾದ ಕೋಣೆಗೆ ಸಾಗಿಸಿದರು. ಹಣ ಮುಗಿದಾಗ ಕಪಾಟಿನಲ್ಲಿ ಉಳಿದದ್ದು ಇನ್ನೂ ಹಲವು ವರ್ಷ ಕಾಯಬಲ್ಲ 1950ರ ದಶಕದ, ಕೊಳೆಯದೆ ಉಳಿದ ಅಸಿಟೇಟ್ ರೀಲುಗಳು ಮತ್ತು ಆ ಕ್ಯಾಸೆಟ್ಟುಗಳು. ಮೊದಲಿನ ಸರದಿಯಲ್ಲೇ ಹೋಗಿದ್ದರೆ ಉಳಿಯುತ್ತಿದ್ದದ್ದು ಡ್ಯಾಟ್‌ಗಳು.

ಸ್ಟೀರಿಯೊ ಒಂದು ಗಂಟೆಗೆ ಸುಮಾರು 2 ಗಿಗಾಬೈಟ್ ಲೆಕ್ಕದಲ್ಲಿ ಇಡೀ ಭಂಡಾರ ಒಂದು ಸಾಮಾನ್ಯ ಡಿಸ್ಕಿನಲ್ಲಿ ಹಿಡಿಸಿತು. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಿನಲ್ಲಿ. ವರ್ಷಕ್ಕೊಮ್ಮೆ ಚೆಕ್‌ಸಮ್ (ಕಡತ ಬದಲಾಗಿದೆಯೇ ಎಂದು ತೋರಿಸುವ ಅಂಕಿ) ತಾಳೆ ನೋಡುವ ಹೊಣೆ ಇಂಥವರದ್ದೆಂದು ಹೆಸರಿಟ್ಟು ಬರೆದರು.

ಸ್ಟ್ರೀಮಿಂಗ್‌ಗೆ ಎಲ್ಲವೂ ಹೋಗಲಿಲ್ಲ. ಹಾಡಿನ ಹಕ್ಕು ಬೇರೆ, ಮುದ್ರಣದ ಹಕ್ಕು ಬೇರೆ. 1972ರ ಫೆಬ್ರವರಿ 15ಕ್ಕೆ ಮೊದಲಿನ ಮುದ್ರಣಗಳೂ 2018ರ ಮ್ಯೂಸಿಕ್ ಮಾಡರ್ನೈಸೇಶನ್ ಕಾಯ್ದೆಯಿಂದ ರಕ್ಷಣೆ ಪಡೆದಿವೆ. 1957ರಿಂದ ಆ ದಿನದವರೆಗಿನವಕ್ಕೆ ಅದು 2067ರ ತನಕ ಇದೆ. ಚರ್ಚ್ ತಾನೇ ಒತ್ತಿಸಿದ ಎಲ್‌ಪಿಗಳ ಮುದ್ರಣ ಚರ್ಚಿನದ್ದೇ ಆದರೂ ಹಾಡು ಕಟ್ಟಿದವರ ಪಾಲು ಸಲ್ಲಬೇಕು. ರೇಡಿಯೊ ಡಿಸ್ಕುಗಳ ಮಾಲೀಕತ್ವ ಸ್ಪಷ್ಟವಾಗದ ಕಾರಣ ಅವನ್ನು ಚರ್ಚಿನೊಳಗೆ ಕೇಳುವುದಕ್ಕೆ ಮಾತ್ರ ಇಟ್ಟರು. ಸಭೆಯಲ್ಲಿ ಯಾರೋ ಎದ್ದು ತಮ್ಮ ಕಷ್ಟ ಹೇಳಿಕೊಂಡ ಸಾಕ್ಷ್ಯದ ಭಾಗಗಳನ್ನು ಕುಟುಂಬದವರ ಒಪ್ಪಿಗೆಯಿಲ್ಲದೆ ಹೊರಗೆ ಬಿಡಲಿಲ್ಲ.

ಯಾರೂ ಎಣಿಸದ ಫಲವೊಂದಿದೆ. ಹಳೆಯ ಎರಡು ಮೈಕಿನ ಟೇಪನ್ನೂ 24 ಟ್ರ್ಯಾಕಿನ ಮುದ್ರಣವನ್ನೂ ಒಟ್ಟಿಗೆ ಕೇಳಿದ ಈಗಿನ ನಿರ್ದೇಶಕರು ಚರ್ಚಿನ ಮೈಕ್ ವ್ಯವಸ್ಥೆಯನ್ನೇ ಬದಲಾಯಿಸಿದರು. 1990ರ ದಶಕದಲ್ಲಿ ಪ್ರತಿ ದನಿಯನ್ನೂ ಬಿಡಿಬಿಡಿಯಾಗಿ ಹಿಡಿಯುವ ಹಟದಲ್ಲಿ ಮೈಕುಗಳು ಹಾಡುಗಾರರ ಬಾಯಿಗೆ ಹತ್ತಿರ ಬಂದಿದ್ದವು, ಡ್ರಮ್ಮಿನ ಸೋರಿಕೆಗೆ ಹೆದರಿ ಸಭೆಯ ಮೈಕುಗಳ ಮಟ್ಟ ಇಳಿದಿತ್ತು. ಈಗ ಕ್ವಾಯರಿನ ಮುಂದೆ, ತಲೆಗಿಂತ ಮೇಲೆ, ಒಂದು ಜೋಡಿ ಕಂಡೆನ್ಸರ್ ಮೈಕುಗಳೇ ಮುಖ್ಯ. ವಿಭಾಗಕ್ಕೊಂದು ಸಹಾಯಕ ಮೈಕು, ಅವುಗಳ ನಡುವಿನ ಅಂತರ ಹಾಡುಗಾರರಿಂದ ಮೈಕಿಗಿರುವ ದೂರದ ಮೂರು ಪಟ್ಟು. ಬೆಂಚುಗಳ ಮೇಲೆ ಎರಡು ಮೈಕು ಸದಾ ಚಾಲೂ. ಭಾನುವಾರದ ಮುದ್ರಣ 48 ಕಿಲೊಹರ್ಟ್ಸ್, 24 ಬಿಟ್. ಸೋಮವಾರ ಒಬ್ಬರು ಅದಕ್ಕೆ ದಿನಾಂಕ, ಹಾಡು, ಮುಖ್ಯ ಗಾಯಕರು, ಆರ್ಗನ್ ನುಡಿಸಿದವರು, ಬಳಸಿದ ತಂತ್ರಾಂಶದ ಹೆಸರು ಬರೆದು, ಪ್ಲಗಿನ್ (ತಂತ್ರಾಂಶಕ್ಕೆ ಸೇರಿಸುವ ಹೆಚ್ಚುವರಿ ಸಾಧನ) ಇಲ್ಲದೆಯೂ ತೆರೆಯುವಂತೆ ಪ್ರತಿ ಟ್ರ್ಯಾಕನ್ನೂ ಮೊದಲಿನಿಂದ ಕೊನೆಯವರೆಗೆ ಒಂದೇ ವೇವ್ ಕಡತವಾಗಿ ಉಳಿಸುತ್ತಾರೆ. ಪಾಸ್‌ವರ್ಡ್ ಮೂವರ ಬಳಿ ಇದೆ.